ಪೇಟೆ ಬೀದಿಗೆ ಮತ್ತೆ ಜನ ಬರಬೇಕು: ಸರ್ಕಾರದಿಂದ ಏನು ಕೇಳಬಹುದು?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ಅಪ್ಪನ ಕಾಲದಿಂದ ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇದೆ. ಬೈಪಾಸ್ ಆದ ಮೇಲೆ ಊರೊಳಗೆ ಬರುವ ಬಸ್ಸು ಕಡಿಮೆಯಾಯಿತು, ಅದರ ಮೇಲೆ ಆನ್‌ಲೈನ್ ಬೇರೆ. ನಮ್ಮ ಸಾಲಿನಲ್ಲೇ ನಾಲ್ಕು ಅಂಗಡಿ ಬಾಗಿಲು ಹಾಕಿವೆ. ಬೀದಿ ಸುಧಾರಿಸಲು ಸರ್ಕಾರ ಹಣ ಕೊಡುತ್ತದಾ? ಯಾರನ್ನು ಕೇಳಬೇಕು?
– ಹಾವೇರಿ ಜಿಲ್ಲೆಯ ಓದುಗರು

ಉತ್ತರ: ಹಣ ಇದೆ, ಆದರೆ ‘ಹಳೇ ಪೇಟೆ’ ಎಂಬ ಹೆಸರಲ್ಲಿ ಬರುತ್ತದೆ ಅಂತ ಕಾಯಬೇಡಿ. ರಸ್ತೆ, ಚರಂಡಿ, ಬೀದಿದೀಪ, ಮಾರುಕಟ್ಟೆ ಹೀಗೆ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. 2015ರಲ್ಲಿ ಶುರುವಾದ ಸ್ಮಾರ್ಟ್ ಸಿಟಿ ಯೋಜನೆ ನಮ್ಮ ರಾಜ್ಯದಲ್ಲಿ ಏಳು ನಗರಗಳಿಗೆ ಮಾತ್ರ ಸಿಕ್ಕಿತು, ಅದೂ 2025ರ ಮಾರ್ಚ್‌ಗೆ ಮುಗಿಯಿತು. ನಿಮ್ಮಂಥ ಊರಿಗೆ ಇರುವ ದಾರಿ ಎಂದರೆ ರಾಜ್ಯದ ನಗರೋತ್ಥಾನ (ಪಟ್ಟಣಗಳ ರಸ್ತೆ, ಚರಂಡಿಯಂಥ ಕೆಲಸಗಳಿಗೆ ರಾಜ್ಯ ಹಣ ಕೊಡುವ ಯೋಜನೆ), ಹಣಕಾಸು ಆಯೋಗದ ಅನುದಾನ, ಮತ್ತೆ ಪುರಸಭೆಯದೇ ಆದಾಯ, ಅಂದರೆ ಆಸ್ತಿ ತೆರಿಗೆ ಮತ್ತು ಮಳಿಗೆಗಳ ಬಾಡಿಗೆ. ಈ ಹಣ ಯಾವ ಬೀದಿಗೆ ಹೋಗಬೇಕು ಅನ್ನುವುದು ಕ್ರಿಯಾಯೋಜನೆ ಮಾಡುವಾಗಲೇ ತೀರ್ಮಾನವಾಗಿಬಿಡುತ್ತದೆ. ಅದಕ್ಕೇ ಹೇಳುತ್ತೇನೆ, ಬಜೆಟ್‌ಗೆ ಮುಂಚೆ ಪುರಸಭೆ ಸಾರ್ವಜನಿಕರ ಸಭೆ ಕರೆದಾಗ ನೀವು ಹತ್ತು ಅಂಗಡಿಯವರು ಒಟ್ಟಿಗೆ ಹೋಗಿ, ಬರೆದು ಕೊಡಿ, ಮುಖ್ಯಾಧಿಕಾರಿಗಳ ಕಚೇರಿಯಲ್ಲಿ ಸ್ವೀಕೃತಿ ಹಾಕಿಸಿಕೊಳ್ಳಿ.

ಏನು ಕೇಳಬೇಕು ಅನ್ನುವುದು ಇನ್ನೂ ಮುಖ್ಯ. ಸುಮ್ನೆ ಕಲ್ಲು ಹಾಸು, ಅಲಂಕಾರದ ದೀಪ ಕೇಳಬೇಡಿ. ಹೆಂಗಸರಿಗೆ ಒಂದು ಶುಚಿಯಾದ ಶೌಚಾಲಯ, ಕುಡಿಯುವ ನೀರು, ನೆರಳು, ಗಾಡಿ ನಿಲ್ಲಿಸಲು ಜಾಗ, ಸಂತೆಯ ದಿನವಾದರೂ ಒಳಗೆ ಬರುವ ಬಸ್ಸು, ಇವನ್ನು ಕೇಳಿ. ಮದುವೆ ಜವಳಿಗೆ ಹಳ್ಳಿಯಿಂದ ಬರುವ ಮನೆಮಂದಿ ನಾಲ್ಕು ಗಂಟೆ ನಿಮ್ಮ ಬೀದಿಯಲ್ಲೇ ಇರಬೇಕು ಅಲ್ವಾ? ಶೌಚಾಲಯ ಇಲ್ಲದ ಬೀದಿಯಲ್ಲಿ ಅವರು ಎಷ್ಟು ಹೊತ್ತು ಇರುತ್ತಾರೆ ಹೇಳಿ.

ಇನ್ನೊಂದು ಮಾತು, ಕೆಲಸದ ಅವಧಿಯ ಬಗ್ಗೆ. ನಮ್ಮ ಅತ್ತೆಯ ಬಳೆ ಅಂಗಡಿ ಮುಂದಿನ ರಸ್ತೆಯನ್ನು ಚೆಂದ ಮಾಡುತ್ತೇವೆ ಅಂತ ಅಗೆದು ಏಳು ತಿಂಗಳು ಹಾಗೇ ಬಿಟ್ಟಿದ್ದರು. ದಸರಾ, ದೀಪಾವಳಿ, ಸಂಕ್ರಾಂತಿ ಮೂರೂ ಹಬ್ಬದ ವ್ಯಾಪಾರ ಹೋಯಿತು. ರಸ್ತೆ ಆಯಿತು, ಅಂಗಡಿ ಉಳಿಯಲಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟನ್ನೇ ನೋಡಿ. 2017ರಲ್ಲಿ ಅಗೆದು, ಪೈಪು ಕೇಬಲ್ಲುಗಳನ್ನೆಲ್ಲ ನೆಲದಡಿ ಕೂರಿಸಿ, ಮೇಲೆ ಕಲ್ಲು ಹಾಸಿ 2018ರಲ್ಲಿ ತೆರೆದರು. ಇವತ್ತು ಅಲ್ಲಿ ಸಂಜೆ ನಡೆಯಲು ಖುಷಿಯಾಗುತ್ತದೆ, ಆದರೆ ಆ ಒಂದು ವರ್ಷ ಅಲ್ಲಿನ ಅಂಗಡಿಯವರು ಪಟ್ಟ ಪಾಡು ಕಡಿಮೆಯಲ್ಲ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಂತೂ 2021ರಲ್ಲಿ ಹೊಸದಾಗಿ ಹಾಕಿದ ಹಾಸು ಮೊದಲ ಮಳೆಗಾಲಕ್ಕೇ ಕೆಟ್ಟು, ಮತ್ತೆ ಕಿತ್ತು ಹಾಕಬೇಕಾಯಿತು. ಹಾಗಾಗಿ ಒಂದೇ ಸಲ ಇಡೀ ಬೀದಿ ಅಗೆಯದೆ ನೂರು ಮೀಟರ್ ಮುಗಿಸಿ ಮುಂದೆ ಹೋಗಿ, ಹಬ್ಬದ ತಿಂಗಳು ಬಿಡಿ ಅಂತ ಮೊದಲೇ ಬರೆಸಿಕೊಳ್ಳಿ. ಕಾಮಗಾರಿಯ ಖರ್ಚಿನ ಅಂದಾಜು ಪಟ್ಟಿಯ ಪ್ರತಿ ಬೇಕಾದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, 30 ದಿನದೊಳಗೆ ಕೊಡಬೇಕು.

ಪ್ರಶ್ನೆ: ಫುಟ್‌ಪಾತ್ ಮೇಲಿನ ಗಾಡಿಗಳನ್ನು ಎತ್ತಿಸಿದರೆ ನಮ್ಮ ಅಂಗಡಿಗಳಿಗೆ ವ್ಯಾಪಾರ ಜಾಸ್ತಿಯಾಗಲ್ವಾ?
– ಅದೇ ಊರಿನ ಇನ್ನೊಬ್ಬ ಓದುಗರು

ಉತ್ತರ: ಆಗಲ್ಲ. ಹೂವು, ಸೊಪ್ಪು, ಮಿರ್ಚಿ ಭಜಿಗೆ ಬಂದ ಜನವೇ ನಿಮ್ಮ ಅಂಗಡಿ ಕಡೆ ತಿರುಗಿ ನೋಡುವುದು. ಗಾಡಿಯವರನ್ನು ಊರಾಚೆ ಹಾಕಿದರೆ ಗಿರಾಕಿಯೂ ಅವರ ಹಿಂದೆ ಹೋಗುತ್ತಾರೆ. ಕಾನೂನೂ ಒಪ್ಪುವುದಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಜಾಗ ಗುರುತಿಸುವಾಗ ಪಟ್ಟಣ ವ್ಯಾಪಾರ ಸಮಿತಿಯ ಮಾತು ಕೇಳಬೇಕು. ಅದರಲ್ಲಿ ಕನಿಷ್ಠ ಶೇ 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು, ಅಂಗಡಿಯವರ ಸಂಘಕ್ಕೂ ಅಲ್ಲಿ ಜಾಗವಿದೆ. ನಡೆಯುವವರಿಗೆ ದಾರಿ ಬಿಟ್ಟು ಗಾಡಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ಅಲ್ಲಿ ಕೂತು ಮಾತಾಡಿ.

ಪ್ರಶ್ನೆ: ನಾನು ಬಸ್ ಸ್ಟ್ಯಾಂಡ್ ಹತ್ತಿರ ಹೂವು ಮಾರುತ್ತೇನೆ. ಬಡ್ಡಿಗೆ ತಂದು ತಂದು ಸಾಕಾಗಿದೆ. ಬ್ಯಾಂಕಿನಲ್ಲಿ ಸಾಲ ಸಿಗುತ್ತದಾ?
– ದಾವಣಗೆರೆಯ ಓದುಗರು

ಉತ್ತರ: ಸಿಗುತ್ತದಮ್ಮ. ಬೀದಿ ವ್ಯಾಪಾರಿಗಳಿಗೆಂದೇ ಇರುವ ಕೇಂದ್ರದ ಸಾಲ ಯೋಜನೆ ಪಿಎಂ ಸ್ವನಿಧಿಯಲ್ಲಿ ಏನೂ ಅಡವಿಡದೆ ಮೊದಲು 15,000 ರೂಪಾಯಿವರೆಗೆ, ಅದನ್ನು ತೀರಿಸಿದರೆ 25,000, ಆಮೇಲೆ 50,000 ರೂಪಾಯಿವರೆಗೆ ಕೊಡುತ್ತಾರೆ. ಸರಿಯಾಗಿ ಕಂತು ಕಟ್ಟಿದರೆ ಶೇ 7ರಷ್ಟು ಬಡ್ಡಿ ಸಹಾಯಧನ ನಿಮ್ಮ ಖಾತೆಗೇ ಬರುತ್ತದೆ. ಯೋಜನೆ 2030ರ ಮಾರ್ಚ್‌ವರೆಗೆ ಇದೆ. ವ್ಯಾಪಾರಿ ಗುರುತಿನ ಚೀಟಿ ಇಲ್ಲದಿದ್ದರೆ ಪಾಲಿಕೆಯಿಂದ ಶಿಫಾರಸು ಪತ್ರ ಪಡೆಯಬಹುದು. ಆಧಾರ್, ಪಾಸ್‌ಬುಕ್ ತೆಗೆದುಕೊಂಡು ಈ ವಾರವೇ ಹೋಗಿ ಬನ್ನಿ.