ಓಕ್‌ಮಾಂಟ್‌ನಲ್ಲಿ ಘಟಾನುಘಟಿಗಳೇ ಯಾಕೆ ಒದ್ದಾಡಿದರು?

ಕೊಡಗಿನ ಬಿಟ್ಟಂಗಾಲದಲ್ಲಿ ಹವ್ಯಾಸಕ್ಕೆ ಗಾಲ್ಫ್ ಆಡುವ ನಮಗೆ ಪಾರ್ (ಆಟ ಮುಗಿಸಲು ನಿಗದಿಯಾದ ಹೊಡೆತಗಳ ಲೆಕ್ಕ) ಸಿಗದಿದ್ದರೆ ಸರಿ, 2025ರ ಯುಎಸ್ ಓಪನ್ ಗಾಲ್ಫ್ ಟೂರ್ನಿಯಲ್ಲಿ ವೃತ್ತಿಪರರಿಗೇ ಯಾಕೆ ಸಿಗಲಿಲ್ಲ ಅಂತ ಕೇಳಿದ್ದೀರಿ.

ಕೋರ್ಸೇ, ಅಂದರೆ ಗಾಲ್ಫ್ ಮೈದಾನವೇ ಕಾರಣ. ಬೇಕಂತಲೇ ಹಾಗೆ ಇಟ್ಟಿರುತ್ತಾರೆ. ಆ ಟೂರ್ನಿ ನಡೆದ ಅಮೆರಿಕದ ಪೆನ್ಸಿಲ್ವೇನಿಯಾದ ಓಕ್‌ಮಾಂಟ್‌ನಲ್ಲಿ ಚೆಂಡು ಫೇರ್‌ವೇ (ಹುಲ್ಲು ಗಿಡ್ಡವಾಗಿ ಕತ್ತರಿಸಿದ ದಾರಿ) ಬಿಟ್ಟು ಪಕ್ಕಕ್ಕೆ ಹೋದರೆ ಸುಮಾರು 5 ಇಂಚಿನ ದಟ್ಟ ಹುಲ್ಲು, ಅಲ್ಲಿಂದ ಗ್ರೀನ್‌ಗೆ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹೊಡೆಯುವ ಮಾತು ಬಿಡಿ, ಎಷ್ಟೋ ಸಲ ಸುಮ್ನೆ ಫೇರ್‌ವೇಗೆ ವಾಪಸ್ ತಂದರೆ ಸಾಕಪ್ಪಾ ಅನ್ನಿಸುತ್ತದೆ. ಗ್ರೀನ್‌ಗಳಂತೂ ಇಳಿಜಾರು, ಜೊತೆಗೆ ಅಲ್ಲಿ ಚೆಂಡು ಉರುಳುವುದೂ ವಿಪರೀತ ವೇಗವಾಗಿ. ಗ್ರೀನ್‌ನ ವೇಗ ಅಳೆಯುವ ಸ್ಟಿಂಪ್‌ಮೀಟರ್‌ನ ಯೋಚನೆ ಎಡ್ವರ್ಡ್ ಸ್ಟಿಂಪ್ಸನ್ ಅವರಿಗೆ ಹೊಳೆದದ್ದೇ 1935ರಲ್ಲಿ ಇಲ್ಲಿನ ಯುಎಸ್ ಓಪನ್ ನೋಡಿದ ಮೇಲೆ. ಮೂರನೇ, ನಾಲ್ಕನೇ ಹೋಲ್ ನಡುವಿನ ದೊಡ್ಡ ಬಂಕರ್‌ನಲ್ಲಿ (ಮರಳಿನ ಗುಂಡಿ) ಚರ್ಚಿನ ಬೆಂಚುಗಳ ಹಾಗೆ ಸಾಲು ಸಾಲು ಹುಲ್ಲಿನ ದಿಣ್ಣೆಗಳು. ಎಂಟನೇ ಹೋಲ್ ಪಾರ್ 3, ಉದ್ದ 289 ಗಜ! ನಮ್ಮ ಕಡೆ ಅದನ್ನು ಪಾರ್ 4 ಅಂತಿದ್ದರು, ಅಲ್ವಾ?

ಕೊನೆಯ ದಿನ ಮಳೆಯೂ ಸುರಿಯಿತು, ಕೊಡಗಿನವರಿಗೆ ಅದೇನು ಮಳೆಯಲ್ಲ ಬಿಡಿ, ಆದರೆ ಆ ಉದ್ದ ಹುಲ್ಲು ಒದ್ದೆಯಾದರೆ ಕಷ್ಟ ಇನ್ನೂ ಜಾಸ್ತಿ. ಪಾರ್‌ಗಿಂತ ಕಡಿಮೆಯಲ್ಲಿ ಮುಗಿಸಿದ್ದು ಗೆದ್ದ ಜೆ.ಜೆ. ಸ್ಪಾನ್ ಒಬ್ಬರೇ, ಅದೂ ಒಂದೇ ಹೊಡೆತದಷ್ಟು. 2007ರಲ್ಲಿ ಇಲ್ಲೇ ಆಂಜೆಲ್ ಕಬ್ರೆರಾ ಪಾರ್‌ಗಿಂತ 5 ಜಾಸ್ತಿ ಹೊಡೆದೂ ಗೆದ್ದಿದ್ದರು.