ಪದಪಟ್ಟಿ ಇದೆ, ಭಾಷೆ ಇನ್ನೂ ಹುಟ್ಟಿಲ್ಲ

ನಮಸ್ಕಾರ,

ನಿಮ್ಮ ಕಾದಂಬರಿಯ ಮೊದಲ ಐದು ಅಧ್ಯಾಯಗಳನ್ನೂ ಜೊತೆಗಿದ್ದ ನಾನೂರು ಪದಗಳ ಪಟ್ಟಿಯನ್ನೂ ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಕಥೆಯ ಬಗ್ಗೆ ತಕರಾರಿಲ್ಲ, ಅದು ಓದಿಸಿಕೊಂಡು ಹೋಗುತ್ತದೆ. ತೊಡಕಿರುವುದು ದ್ವೀಪದ ಜನರ ಬಾಯಲ್ಲಿ ನೀವು ಇಟ್ಟಿರುವ ಭಾಷೆಯಲ್ಲಿ. ‘ಭಾಷೆಯೇ ಈ ಕಾದಂಬರಿಯ ಜೀವ’ ಅಂತ ಪತ್ರದಲ್ಲಿ ನೀವೇ ಬರೆದಿದ್ದೀರಿ. ಹಾಗಾಗಿ ಅದರ ಬಗ್ಗೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಹಳಗನ್ನಡ, ಸಂಸ್ಕೃತ, ಲ್ಯಾಟಿನ್ ಮೂರರಿಂದಲೂ ಕಿವಿಗೆ ಹಿತವಾದ ಪದಗಳನ್ನು ಆರಿಸಿ, ಕೊನೆಗೊಂದು ‘ಆ’ ಅಂಟಿಸಿದ್ದೀರಿ. ಪೊನ್ ‘ಪೊನ್ನಾ’ ಆಗಿದೆ. ಪುಲಿ ‘ಪುಲಿಯಾ’ ಆಗಿದೆ. ನೀರಿಗೆ ಲ್ಯಾಟಿನ್ನಿನ ‘ಆಕ್ವಾ’ ಇದ್ದ ಹಾಗೇ ಬಂದಿದೆ. ಹಳಗನ್ನಡ ಸ್ವಲ್ಪ ಓದಿದವರಿಗೆ ಎರಡನೇ ಪುಟದಲ್ಲೇ ಗುಟ್ಟು ಗೊತ್ತಾಗುತ್ತದೆ. ಆಮೇಲೆ ಅವರು ಕಥೆ ಓದುವುದಿಲ್ಲ, ಯಾವ ಪದ ಎಲ್ಲಿಂದ ಬಂತು ಅಂತ ಹುಡುಕುತ್ತಾ ಕೂರುತ್ತಾರೆ.

ಇದಕ್ಕಿಂತ ದೊಡ್ಡ ಎಡವಟ್ಟು ಬೆಂಕಿಯದ್ದು. ಕಡಲಿನವರು ಬೆಂಕಿಗೆ ‘ಅಗ್ನಾ’ ಅನ್ನುತ್ತಾರೆ, ಬೆಟ್ಟದವರು ‘ಇಗ್ನಿಸಾ’ ಅನ್ನುತ್ತಾರೆ. ಈ ಎರಡು ಕುಲಗಳ ಮೂಲವೇ ಬೇರೆ, ಒಬ್ಬರ ಗಾಳಿ ಇನ್ನೊಬ್ಬರಿಗೆ ಸೋಕಿಲ್ಲ ಅಂತ ನಿಮ್ಮ ಕಥೆ ಒತ್ತಿ ಹೇಳುತ್ತದೆ. ಆದರೆ ಸಂಸ್ಕೃತದ ಅಗ್ನಿ, ಲ್ಯಾಟಿನ್ನಿನ ಇಗ್ನಿಸ್ ಎರಡೂ ಒಂದೇ ಬೇರಿನಿಂದ ಬಂದ ಪದಗಳು. ಕುಲಗಳು ದಾಯಾದಿಗಳು ಅಂತ ನಿಮ್ಮ ಪದಗಳೇ ಬಾಯಿಬಿಟ್ಟು ಹೇಳುತ್ತಿವೆ. ಅದು ಮುಂದೆ ಹೊರಬೀಳುವ ಗುಟ್ಟಾದರೆ ಸರಿ, ಬಹಳ ಒಳ್ಳೆಯ ಸುಳಿವು. ಅಲ್ಲದಿದ್ದರೆ ಒಂದನ್ನು ತೆಗೆಯಿರಿ.

ಬೇರೆ ಬೇರೆ ದೇಶದವರು ಮಾತಾಡಿಕೊಳ್ಳಲಿ ಅಂತ ಕಟ್ಟಿದ ಕೃತಕ ಭಾಷೆ ಎಸ್ಪೆರಾಂಟೊವನ್ನು ನೀವು ಮಾದರಿ ಅಂದಿದ್ದೀರಿ. ನನಗೇನೋ ಅದು ತಪ್ಪು ಮಾದರಿ. ಜಾಮೆನ್‌ಹಾಫ್ ಅದನ್ನು 1887ರಲ್ಲಿ ಪ್ರಕಟಿಸಿದ್ದು ಜನ ಬೇಗ ಕಲಿಯಲಿ ಅಂತ. ಪದಗಳ ಗುರುತು ಸಿಗಬೇಕು ಅನ್ನುವುದೇ ಅಲ್ಲಿನ ಉದ್ದೇಶ. ಅದಕ್ಕೇ ಲ್ಯಾಟಿನ್ ಮೂಲದ ‘ಪಾತ್ರೊ’ ತಂದೆಯಾಯಿತು, ಜರ್ಮನ್ನಿನ ‘ಹುಂಡ್’ ನಾಯಿಗೆ ‘ಹುಂದೊ’ ಆಯಿತು. ನಿಮ್ಮ ದ್ವೀಪದ ಭಾಷೆಯನ್ನು ಯಾರೂ ಕಲಿಯಬೇಕಾಗಿಲ್ಲ. ಅದು ಸಾವಿರ ವರ್ಷ ಜನರ ಬಾಯಲ್ಲಿ ಸವೆದು ಬಂದಿದೆ ಅಂತ ಅನ್ನಿಸಿದರೆ ಸಾಕು. ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್ ಮಾಡಿದ್ದನ್ನು ನೋಡಿ. ಅವರು ಕಥೆಗಾಗಿ ಕಟ್ಟಿದ ಎರಡು ಭಾಷೆಗಳಲ್ಲಿ, ಕ್ವೆನ್ಯಾದಲ್ಲಿ ಫಿನ್ನಿಶ್ ಭಾಷೆಯ ರುಚಿ ಇದೆ, ಸಿಂಡಾರಿನ್‌ನಲ್ಲಿ ವೆಲ್ಶ್ ರುಚಿ ಇದೆ. ಪದಗಳನ್ನು ಎತ್ತಿ ತರುವುದಕ್ಕಿಂತ ಧ್ವನಿಯ ಗುಣ ತಂದದ್ದೇ ಜಾಸ್ತಿ. ಮೇಲಾಗಿ ಆ ಎರಡನ್ನೂ ಒಂದೇ ಕಾಲ್ಪನಿಕ ತಾಯಿಭಾಷೆಯಿಂದ, ಧ್ವನಿ ಹೇಗೆ ಬದಲಾಗಬೇಕು ಅನ್ನುವ ನಿಯಮ ಹಾಕಿ ಇಳಿಸಿದರು.

ಆ ನಿಯಮ ಅನ್ನುವುದೇ ನಿಮ್ಮ ಪಟ್ಟಿಯಲ್ಲಿ ಇಲ್ಲ. ಹಳಗನ್ನಡದಿಂದಲೇ ಪದ ತರುತ್ತೀರಾ? ತನ್ನಿ. ಆದರೆ ಹಳಗನ್ನಡ ಹೇಗೆ ಬದಲಾಯಿತು ಅಂತ ಮೊದಲು ನೋಡಿ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಸರ್ ಹೆಸರಾಯಿತು. ಆದರೆ ಅಪ್ಪ, ಉಪ್ಪು, ತಪ್ಪು ಹಾಗೇ ಉಳಿದವು, ಯಾಕೆಂದರೆ ಒತ್ತಕ್ಷರದ ಪಕಾರವನ್ನು ಈ ಬದಲಾವಣೆ ಮುಟ್ಟಲಿಲ್ಲ. ಪುಸ್ತಕವೂ ಪುಸ್ತಕವಾಗಿಯೇ ಇದೆ, ಅದು ಸಂಸ್ಕೃತದ ರೂಪದಲ್ಲೇ ನಿಂತ ಪದ. ಹಬ್ಬವನ್ನು ನೋಡಿ: ಪರ್ವ, ಪಬ್ಬ, ಹಬ್ಬ. ಅದೂ ಸಂಸ್ಕೃತದ್ದೇ, ಆದರೆ ಬದಲಾವಣೆಗೆ ಮೊದಲೇ ಜನರ ಬಾಯಿಗೆ ಬಂದು ಸೇರಿತ್ತು. ಹಾಗಾಗಿ ಮನೆಯ ಪದಗಳ ಜೊತೆ ಅದೂ ಬದಲಾಯಿತು. ಯಾವ ಪದ ಯಾವಾಗ ಒಳಗೆ ಬಂತು ಅನ್ನುವುದು ಆ ಒಂದು ಅಕ್ಷರದಲ್ಲೇ ಕಾಣುತ್ತದೆ. ನಿಮ್ಮ ದ್ವೀಪಕ್ಕೆ ಹೊರಗಿನ ವ್ಯಾಪಾರಿಗಳು ಎರಡು ಸಲ ಬರುತ್ತಾರೆ, ಮಧ್ಯೆ ನೂರಾರು ವರ್ಷ ಕಳೆಯುತ್ತದೆ. ಮೊದಲ ಸಲ ಬಂದ ಪದಗಳು ಸವೆದಿರಬೇಕು, ಎರಡನೇ ಸಲದವು ಗಟ್ಟಿಯಾಗಿರಬೇಕು. ಇಷ್ಟು ಮಾಡಿದರೆ ಮೊದಲ ಅಧ್ಯಾಯದಲ್ಲಿ ನಾಲ್ಕು ಪುಟ ಹಿಡಿದಿರುವ ಆ ಇತಿಹಾಸದ ಪಾಠ ಅರ್ಧಕ್ಕರ್ಧ ಬೇಕಾಗುವುದಿಲ್ಲ.

ನಿಯಮಗಳ ಸರದಿಯನ್ನೂ ಗಟ್ಟಿ ಮಾಡಿಕೊಳ್ಳಿ. ಎರಡೇ ನಿಯಮ ಇಟ್ಟುಕೊಳ್ಳೋಣ. ಒಂದು, ಇ, ಎ ಸ್ವರಗಳ ಮುಂಚೆ ಬರುವ ಕ್ ಚ್ ಆಗುತ್ತದೆ. ಇನ್ನೊಂದು, ಪದದ ಮೊದಲ ಇ ಅ ಆಗುತ್ತದೆ. ಈಗ ಕಿವಿಯನ್ನು ಹಾಕಿ ನೋಡಿ. ಮೊದಲ ನಿಯಮ ಮೊದಲು ನಡೆದರೆ ಚಿವಿ ಆಗಿ, ಆಮೇಲೆ ಚವಿ ಆಗುತ್ತದೆ. ತಿರುಗಿಸಿದರೆ? ಇ ಮೊದಲೇ ಹೋಗಿಬಿಟ್ಟಿರುತ್ತದೆ, ಕ್ ಬದಲಾಗಲು ಕಾರಣವೇ ಉಳಿಯುವುದಿಲ್ಲ, ಕೈಗೆ ಸಿಗುವುದು ಕವಿ. ‘ನಾಚಿಕೆಯಿಂದ ಅವಳ ಎರಡೂ ಕವಿ ಕೆಂಪಾದವು’ ಅಂತ ಓದಿ ಯಾರಾದರೂ ನಗದೆ ಇರುತ್ತಾರಾ? ಇಳಿಸಿದ ಪ್ರತಿ ಪದವನ್ನೂ ಈಗಿನ ಕನ್ನಡದ ಪಕ್ಕ ಇಟ್ಟು ನೋಡಬೇಕಾದ್ದು ಇದಕ್ಕೇ. ಎರಡು ಕುಲಗಳಿಗೆ ಎರಡು ಸರದಿ ಕೊಟ್ಟರೆ ಎರಡು ಆಡುನುಡಿ ತಾವಾಗಿಯೇ ಸಿಗುತ್ತವೆ, ಅದು ಬೇರೆ ಲಾಭ.

ಧ್ವನಿ ಬದಲಾದ ಮೇಲೂ ಅರ್ಥ ಅಲ್ಲೇ ನಿಂತಿರುವುದಿಲ್ಲ. ನಿಮ್ಮ ನಾನೂರು ಪದಗಳಲ್ಲಿ ಒಂದರ ಅರ್ಥವೂ ಕದಲಿಲ್ಲ: ಹುಲಿ ಅಂದರೆ ಹುಲಿ, ಕಲ್ಲು ಅಂದರೆ ಕಲ್ಲು. ಜೀವಂತ ಭಾಷೆ ಹೀಗಿರುವುದಿಲ್ಲ ಅಲ್ವಾ? ಸಂಸ್ಕೃತದ ‘ಅವಸರ’ ಹಿಂದಿಯಲ್ಲಿ ಅವಕಾಶ, ತೆಲುಗಿನಲ್ಲಿ ಅಗತ್ಯ, ನಮ್ಮಲ್ಲಿ ಆತುರ. ಮೂರಕ್ಕೂ ಮೂಲ ಒಂದೇ. ಹತ್ತಕ್ಕೆ ಎರಡು ಪದಗಳಾದರೂ ಹೀಗೆ ಜಾರಲಿ. ಹುಲಿಯೇ ಇಲ್ಲದ ದ್ವೀಪಕ್ಕೆ ಬಂದು ನೆಲೆಸಿದವರು ಹುಲಿಯ ಹೆಸರನ್ನು ಏನಕ್ಕೆ ಇಟ್ಟುಕೊಂಡಾರು? ಸೊರ ಮೀನಿಗೋ, ಸುಂಕ ವಸೂಲಿ ಮಾಡುವವನಿಗೋ. ಅದನ್ನು ತೀರ್ಮಾನಿಸುವುದು ನೀವು.

ಇನ್ನು ಸಣ್ಣ ಪುಟ್ಟದ್ದು. ಕೆಟ್ಟವರ ಹೆಸರಿಗೆಲ್ಲ ಖ, ಘ, ಝ ತುಂಬಿ ನಡುವೆ ಸುಮ್ನೆ ಮೇಲುಕೊಂಬು (’ ಚಿಹ್ನೆ) ಹಾಕಿದ್ದೀರಿ. ಹಳಗನ್ನಡದ ಅಚ್ಚ ಪದಗಳಲ್ಲಿ ಮಹಾಪ್ರಾಣವೇ ಇಲ್ಲ, ಅಂಥ ಬೇರಿನಿಂದ ‘ಖ್ರಾಘ್’ ಹುಟ್ಟುವುದು ಹೇಗೆ? ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಆ ಮೇಲುಕೊಂಬನ್ನು ಹೇಗೆ ಉಚ್ಚರಿಸಬೇಕು ಅಂತ ಯಾರಿಗೂ ತಿಳಿಯುವುದಿಲ್ಲ. ತೆಗೆದುಹಾಕಿ.

ಈಗ ಚೆನ್ನಾಗಿರುವುದರ ಮಾತು. ಮೂರನೇ ಅಧ್ಯಾಯದಲ್ಲಿ ಮುದುಕಿ ಸತ್ತ ಒಡೆಯನ ಹೆಸರು ಹೇಳಲು ಒಪ್ಪುವುದಿಲ್ಲ, ಹುಡುಗ ಮತ್ತೆ ಮತ್ತೆ ಕೇಳುತ್ತಾನೆ. ಎರಡು ಪ್ಯಾರಾದಲ್ಲಿ ಮುಗಿಸಿ ಮುಂದೆ ಹೋಗಿದ್ದೀರಿ. ನಿಮ್ಮ ಇಡೀ ಹಸ್ತಪ್ರತಿಯಲ್ಲಿ ಭಾಷೆ ಉಸಿರಾಡುವುದು ಅಲ್ಲೇ. ಇಂಥ ನಿಷೇಧದಿಂದ ಭಾಷೆಗಳು ನಿಜವಾಗಿಯೂ ಬದಲಾಗಿವೆ. ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಲ್ಲಿ ಒಡೆಯರ ಹೆಸರಿನಲ್ಲಿ ಇರುವ ಪದಗಳನ್ನು ಜನ ದಿನದ ಮಾತಿನಲ್ಲೂ ಬಿಡಬೇಕಿತ್ತು. ‘ಪೋ’ ಅಂದರೆ ರಾತ್ರಿ, ‘ಮಾರೆ’ ಅಂದರೆ ಕೆಮ್ಮು. ಪೋಮಾರೆ ಅನ್ನುವ ಹೆಸರಿನ ರಾಜ ಬಂದ ಮೇಲೆ ರಾತ್ರಿಗೆ ‘ರುಇ’ ಅನ್ನುವ ಪದ ಬಳಕೆಗೆ ಬಂತು. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಯಾರಾದರೂ ಸತ್ತರೆ ಅವರ ಹೆಸರನ್ನೂ, ಅದಕ್ಕೆ ಹತ್ತಿರದ ಧ್ವನಿಯ ಪದಗಳನ್ನೂ ಸ್ವಲ್ಪ ಕಾಲ ಬಿಡುತ್ತಾರೆ. ನಿಮ್ಮ ಒಡೆಯನ ಹೆಸರಿನಲ್ಲಿ ನೀರಿನ ಪದ ಇದೆ ಅಂತಿಟ್ಟುಕೊಳ್ಳಿ. ಅವನು ಸತ್ತ ದಿನದಿಂದ ಮನೆಮನೆಯಲ್ಲೂ ನೀರು ಕೇಳಲು ಬೇರೆ ಪದ ಬೇಕು. ಮುದುಕಿಗೆ ಹಳೆಯ ಪದ ನಾಲಿಗೆ ತುದಿಯಲ್ಲಿದೆ, ಹುಡುಗನಿಗೆ ಅದು ಗೊತ್ತೇ ಇಲ್ಲ. ಆ ‘ಆಕ್ವಾ’ ತೆಗೆದುಹಾಕಲು ಇದಕ್ಕಿಂತ ಒಳ್ಳೆಯ ನೆಪ ಸಿಗುತ್ತಾ?

ಹಾಗಾಗಿ ಮೂರನೇ ಅಧ್ಯಾಯವನ್ನು ಮಾತ್ರ ಮತ್ತೆ ಬರೆದು ಕಳಿಸಿ. ಊರು, ನದಿ, ಜನರ ಹೆಸರುಗಳನ್ನು ಮೊದಲು ನಿಯಮದ ಪ್ರಕಾರ ಇಳಿಸಿಕೊಳ್ಳಿ, ಮಾತುಕತೆಯಲ್ಲಿ ಹದಿನೈದಿಪ್ಪತ್ತು ಪದ ಇದ್ದರೆ ಜಾಸ್ತಿಯಾಯಿತು. ಕನ್ನಡದ ವಾಕ್ಯದಲ್ಲಿ ‘ಪೊನ್ನಾವನ್ನು’ ಅಂತ ವಿಭಕ್ತಿ ಅಂಟಿಸುವ ಕೆಲಸ ಬೇಡ. ಪದಪಟ್ಟಿ ಈ ಸಲ ಬೇಡವೇ ಬೇಡ. ಅದರ ಬದಲು ನೀವು ಹಾಕಿಕೊಂಡ ನಿಯಮಗಳನ್ನು ಸರದಿಯಲ್ಲಿ ಬರೆದು, ಒಂದೇ ಹಾಳೆಯಲ್ಲಿ ಜೊತೆಗಿಡಿ. ಅದನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಪದವನ್ನೂ ತಾಳೆ ನೋಡುತ್ತೇನೆ.

ಇಂತಿ,
ಸಂಪಾದಕ