ಅಮ್ಮನ ಆಸ್ಪತ್ರೆ ಫೈಲು ಸಂಶೋಧನೆಗೆ ಏಕೆ ಬೇಕು?

ಪ್ರಶ್ನೆ: ನನ್ನ ತಾಯಿಗೆ 71 ವರ್ಷ. ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿತ್ತು. ಕೆನ್ನೆಯ ಒಳಗೆ ಕ್ಯಾನ್ಸರ್ ಕಾಣಿಸಿಕೊಂಡು ದಾವಣಗೆರೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದಾರೆ. ಸಕ್ಕರೆ ಕಾಯಿಲೆಯಿಂದ ಕಿಡ್ನಿಯೂ ದುರ್ಬಲವಾಗಿದೆ. ಅವರ ದಾಖಲೆಗಳನ್ನು ಸಂಶೋಧನೆಗೆ ಬಳಸಲು ಆಸ್ಪತ್ರೆಯವರು ಒಪ್ಪಿಗೆಯ ಸಹಿ ಕೇಳುತ್ತಿದ್ದಾರೆ. ಇದು ಔಷಧ ಪ್ರಯೋಗವೇ? ಕ್ಲಿನಿಕಲ್ ಟ್ರಯಲ್ ನಡೆದ ಮೇಲೂ ಹಳೆಯ ಫೈಲುಗಳಿಂದ ಏನು ಪ್ರಯೋಜನ?
– ಓದುಗರು, ಚನ್ನಗಿರಿ ತಾಲ್ಲೂಕು

ಉತ್ತರ: ನೀವು ಬರೆದಿರುವಂತೆ ಕೇಳಿರುವುದು ದಾಖಲೆಗಳನ್ನು ಮಾತ್ರವಾದರೆ ಅದು ಔಷಧ ಪ್ರಯೋಗವಲ್ಲ, ತಾಯಿಯವರ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಆದರೂ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿಸಿಕೊಂಡೇ ಸಹಿ ಮಾಡಿ.

ಎರಡನೆಯ ಪ್ರಶ್ನೆಗೆ ನಿಮ್ಮ ತಾಯಿಯವರ ಸ್ಥಿತಿಯಲ್ಲೇ ಉತ್ತರವಿದೆ. ಬಾಯಿ ಮತ್ತು ಗಂಟಲಿನ ಕ್ಯಾನ್ಸರಿಗೆ ರೇಡಿಯೇಶನ್ ಜೊತೆ ಸಾಮಾನ್ಯವಾಗಿ ಕೊಡುವ ಸಿಸ್ಪ್ಲಾಟಿನ್ ಕಿಡ್ನಿಗೆ ಪೆಟ್ಟು ಕೊಡಬಲ್ಲ ಔಷಧವಾದ್ದರಿಂದ, ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ಹೆಚ್ಚುವ ಅಂಶ) ಏರಿದವರನ್ನು ಅದರ ಟ್ರಯಲ್‌ಗಳಿಗೆ ಸಾಮಾನ್ಯವಾಗಿ ಸೇರಿಸಿಕೊಂಡಿರುವುದಿಲ್ಲ. ವಯಸ್ಸಾದವರು, ನಿಶ್ಶಕ್ತರು, ಎರಡು ಮೂರು ಕಾಯಿಲೆ ಇರುವವರು ಟ್ರಯಲ್‌ಗಳಲ್ಲಿ ಕಡಿಮೆ. ನಮ್ಮ ಹೊರರೋಗಿ ವಿಭಾಗದ ಮುಂದೆ ಕುಳಿತಿರುವವರಲ್ಲಿ ಅಂಥವರೇ ಹೆಚ್ಚು. ಇವರಿಗೆ ಯಾವ ಚಿಕಿತ್ಸೆ ಸಿಕ್ಕಿತು, ಎಷ್ಟು ಜನ ಅದನ್ನು ಪೂರೈಸಿದರು, ಯಾರಿಗೆ ಏನು ತೊಂದರೆಯಾಯಿತು ಎಂಬುದು ಆಸ್ಪತ್ರೆಯ ಫೈಲುಗಳಿಂದಲೇ ತಿಳಿಯಬೇಕು.

ಕೆಲವು ಕಾಯಿಲೆಗಳಿಗೆ ಟ್ರಯಲ್ ನಡೆಸುವಷ್ಟು ರೋಗಿಗಳೇ ಸಿಗುವುದಿಲ್ಲ. ಪುರುಷರ ಸ್ತನ ಕ್ಯಾನ್ಸರ್ ಹಾಗೆ ಅಪರೂಪದ್ದು. ಮಹಿಳೆಯರಲ್ಲಿ ಅದಾಗಲೇ ಬಳಕೆಯಲ್ಲಿದ್ದ ಪಾಲ್ಬೊಸಿಕ್ಲಿಬ್ ಔಷಧವನ್ನು 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಪುರುಷರಿಗೂ ಅನುಮತಿಸಿದಾಗ, ಆಸ್ಪತ್ರೆಗಳ ಕಂಪ್ಯೂಟರ್ ದಾಖಲೆ ಮತ್ತು ವಿಮೆಯ ಕ್ಲೇಮುಗಳನ್ನು ಆಧಾರಗಳಲ್ಲಿ ಸೇರಿಸಿಕೊಂಡಿದ್ದರು.

ಹಾಗೆಂದು ಫೈಲುಗಳು ಟ್ರಯಲ್‌ನ ಜಾಗ ತುಂಬಲಾರವು. ಟ್ರಯಲ್‌ನಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ತಡೆದುಕೊಳ್ಳಬಲ್ಲವರನ್ನು ನೋಡಿ ಕಠಿಣ ಔಷಧ ಕೊಡುತ್ತಾರೆ, ಅಂಥವರು ಹೇಗಿದ್ದರೂ ಹೆಚ್ಚು ಕಾಲ ಬದುಕುವ ಸಂಭವವಿರುತ್ತದೆ, ಆ ಕೀರ್ತಿ ಔಷಧಕ್ಕೆ ಹೋಗುತ್ತದೆ. 1990ರ ದಶಕದಲ್ಲಿ ಸ್ತನ ಕ್ಯಾನ್ಸರಿಗೆ ಅತಿ ಹೆಚ್ಚು ಪ್ರಮಾಣದ ಕಿಮೊ ಕೊಟ್ಟು ರೋಗಿಯದೇ ಅಸ್ಥಿಮಜ್ಜೆಯನ್ನು ಮರಳಿ ಸೇರಿಸುವ ಚಿಕಿತ್ಸೆ ಆಸ್ಪತ್ರೆಗಳ ಅನುಭವದಲ್ಲಿ ಬಹಳ ಫಲಕಾರಿಯಾಗಿ ಕಂಡಿತ್ತು. ಸಾವಿರಾರು ಮಹಿಳೆಯರು ಆ ಹಿಂಸೆ ಅನುಭವಿಸಿದ ಮೇಲೆ, ಬದುಕುಳಿಯುವ ಅವಧಿಯಲ್ಲಿ ನಿರೀಕ್ಷಿಸಿದ ಲಾಭ ಇಲ್ಲವೆಂಬುದು ಟ್ರಯಲ್‌ಗಳಿಂದ ಗೊತ್ತಾಯಿತು. ಫೈಲುಗಳನ್ನಷ್ಟೇ ಮುಂದಿಟ್ಟು ಹೊಸ ಔಷಧವನ್ನು ಹೊಗಳುವ ಸುದ್ದಿಗಳನ್ನು ನಾನು ನಂಬದಿರುವುದು ಇದಕ್ಕಾಗಿಯೇ.

ಫೈಲು ಪ್ರಶ್ನೆಯನ್ನು ಎತ್ತಿಕೊಡಬೇಕು, ಟ್ರಯಲ್ ಅದನ್ನು ತೀರ್ಮಾನಿಸಬೇಕು. ಸಿಸ್ಪ್ಲಾಟಿನ್ ಪಡೆಯಲಾಗದವರಿಗೆಂದೇ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು ನಡೆಸಿದ ಟ್ರಯಲ್‌ನ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ರೇಡಿಯೇಶನ್ ಮಾತ್ರ ಪಡೆದವರಲ್ಲಿ ಎರಡು ವರ್ಷ ರೋಗ ಮರುಕಳಿಸದೆ ಬದುಕಿದ್ದವರು ಸುಮಾರು ಶೇ 30, ಜೊತೆಗೆ ಡೋಸಿಟಾಕ್ಸೆಲ್ ಎಂಬ ಕಿಮೊ ಔಷಧ ಪಡೆದವರಲ್ಲಿ ಶೇ 42. ತಾಯಿಯವರಿಗೆ ಇದು ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಬಹುದು.

ಸಹಿಗೆ ಮುನ್ನ, ಹೆಸರು ಮತ್ತು ಆಧಾರ್ ಸಂಖ್ಯೆ ತೆಗೆದು ದಾಖಲೆ ಬಳಸುತ್ತಾರೆಯೇ, ಆಸ್ಪತ್ರೆಯ ನೈತಿಕತೆ ಸಮಿತಿ (ಎಥಿಕ್ಸ್ ಕಮಿಟಿ) ಒಪ್ಪಿದೆಯೇ, ಮುಂದೆ ಬೇಡವೆನಿಸಿದರೆ ಹಿಂದೆ ಸರಿಯಬಹುದೇ ಎಂದು ವಿಚಾರಿಸಿ. ಸಹಿ ಹಾಕದಿದ್ದರೆ ಚಿಕಿತ್ಸೆಗೆ ಯಾವ ಅಡ್ಡಿಯೂ ಆಗಬಾರದು.

ಒಪ್ಪಿದರೆ ಫೈಲು ಪೂರ್ಣವಾಗಿರುವಂತೆಯೂ ನೋಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಫೈಲುಗಳಲ್ಲಿ ‘ತಂಬಾಕು: ಇದೆ’ ಎಂದಷ್ಟೇ ಇರುತ್ತದೆ, ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಬರೀ ಅಡಿಕೆಯೋ ಹೊಗೆಸೊಪ್ಪೂ ಸೇರಿತ್ತೋ ಎಂಬುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದವರ ಮುಂದಿನ ಚಿಕಿತ್ಸೆ ಇಲ್ಲಿನ ಫೈಲಿಗೆ ಬರುವುದೇ ಅಪರೂಪ. ಬೇರೆಡೆ ಚಿಕಿತ್ಸೆ ಪಡೆದರೆ ಡಿಸ್ಚಾರ್ಜ್ ಸಮರಿಯ ಒಂದು ಜೆರಾಕ್ಸ್ ಪ್ರತಿಯನ್ನು ಇಲ್ಲಿಗೂ ಕೊಡಿ. ಮೊಬೈಲ್ ನಂಬರ್ ಬದಲಾದರೆ ತಿಳಿಸಿ.